ಏಳು ಮೂಟೆ ಮರಳು

"ಗುರುಗಳೇ, ಇಷ್ಟೊಂದು ದುಂದು ಸರಿಯೇ?" ಎಂದು ಕೇಳಿದ ಪಂಚಾಕ್ಷರಿ.

ಅವನ ಲೆಕ್ಕದಲ್ಲಿ ಮಠಕ್ಕೆ ಗಂಡಾಂತರ ಬಂದಿತ್ತು. ಉಗ್ರಾಣದ ದೀಪ ಉರಿಯುತ್ತಿದೆಯೇ ಎಂಬುದಕ್ಕೆ 'ಹೌದು' ಎನ್ನಲು ಮಠದ ಕಂಪ್ಯೂಟರಿಗೆ ಒಂದು ಬಿಟ್ ಸಾಕು. ಅಂದರೆ ಒಂದೇ ಒಂದು ಅಂಕೆ. ಆದರೆ ಒಳಗಿರುವ ಪ್ರೊಸೆಸರ್ ಬಿಟ್‌ಗಳನ್ನು ಬಿಡಿಯಾಗಿ ಮುಟ್ಟುವುದಿಲ್ಲ. ಅರವತ್ತನಾಲ್ಕರ ಕಟ್ಟನ್ನೇ ಒಟ್ಟಿಗೆ ಎತ್ತುತ್ತದೆ. ಒಂದು ಅಂಕೆಯ ಜೊತೆಗೆ ಅರವತ್ತಮೂರು ಸೊನ್ನೆಗಳನ್ನು ಹೊರುತ್ತದೆ. ಇದು ತಿಳಿದಂದಿನಿಂದ ಉಗ್ರಾಣ ನೋಡಿಕೊಳ್ಳುವ ಪಂಚಾಕ್ಷರಿಗೆ ನಿದ್ದೆ ಇರಲಿಲ್ಲ. ಒಣಗಿದ ಕರಿಬೇವನ್ನೂ ಎಸೆಯದ ಮನುಷ್ಯ ಅವನು.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಅವನ ಹರಿಗೋಲಿಗೆ ಎಂಟು ಜನ. ಒಂಬತ್ತನೆಯವನು ಬಂದರೆ ದಡದಲ್ಲಿ ಕಾಯಬೇಕು. ಜನ ಕಡಿಮೆಯಾದರೆ ಖಾಲಿ ಜಾಗಕ್ಕೆ ಆಳಿಗೊಂದರಂತೆ ಮರಳಿನ ಮೂಟೆ ಇಡುತ್ತಿದ್ದ.

ಒಂದು ದಿನ ಒಬ್ಬ ರೈತ ಸೂಲಗಿತ್ತಿಯನ್ನು ಕರೆದುಕೊಂಡು ಓಡಿ ಬಂದ. ಆಚೆ ದಡದ ಊರಿನಲ್ಲಿ ಅವನ ಹೆಂಡತಿಗೆ ಹೆರಿಗೆ ನೋವು. ಚೊಚ್ಚಲು ಬಸಿರು.

ಅಂಬಿಗ ಮೂಟೆ ಉರುಳಿಸತೊಡಗಿದ.

"ಇರುವವರು ಇಬ್ಬರು. ಬೇಗ ಹುಟ್ಟು ಹಾಕು ಮಾರಾಯ" ಎಂದ ರೈತ.

"ನನ್ನ ತೋಳಿಗೆ ಗೊತ್ತಿರುವುದು ಒಂದೇ ಭಾರ. ಆ ಭಾರಕ್ಕೆ ಈ ಹೊಳೆಯನ್ನು ಕಣ್ಣು ಮುಚ್ಚಿ ದಾಟಿಸಬಲ್ಲೆ. ಇನ್ನು ನಾಲ್ಕು ಮೂಟೆ, ತಡಿ."

"ಮರಳು ಬಂದು ಹೆರಿಗೆ ಮಾಡಿಸುತ್ತದೆಯೇನಯ್ಯ?"

"ನೀನೂ ಮಾಡಿಸುವುದಿಲ್ಲವಲ್ಲಪ್ಪ" ಎಂದಳು ಸೂಲಗಿತ್ತಿ. ಅವಳು ಆಗಲೇ ಕೂತಾಗಿತ್ತು.

ರೈತನಿಗೆ ತಡೆಯಲಾಗಲಿಲ್ಲ. ಹರಿಗೋಲಿನಿಂದ ಕೆಳಗೆ ಹಾರಿ, ಪಕ್ಕದಲ್ಲಿ ಕಟ್ಟಿದ್ದ ಖಾಲಿ ಹರಿಗೋಲನ್ನು ಬಿಚ್ಚಿಕೊಂಡು ತಾನೇ ಹೊರಟ.

ಅಂಬಿಗ ಅವನು ಹೋದ ದಿಕ್ಕನ್ನು ಒಂದು ಗಳಿಗೆ ನೋಡಿದ. ಆಮೇಲೆ ಅವನ ಜಾಗಕ್ಕೂ ಒಂದು ಮೂಟೆ ಇಟ್ಟ.

ಏಳು ಮೂಟೆ, ಒಬ್ಬ ಸೂಲಗಿತ್ತಿ. ಹರಿಗೋಲು ಎಂದಿನಂತೆ ಆಚೆ ದಡದ ಮೆಟ್ಟಿಲ ಬುಡಕ್ಕೇ ಹೋಗಿ ತಾಗಿತು. ಕೂಸು ಅಡ್ಡ ತಿರುಗಿತ್ತು. ಸೂಲಗಿತ್ತಿ ಹೊತ್ತಿಗೆ ಸರಿಯಾಗಿ ಬಂದದ್ದರಿಂದ ತಾಯಿ ಮಗು ಇಬ್ಬರೂ ಉಳಿದರು. ಹೆಣ್ಣು ಮಗು.

ರೈತನ ಹರಿಗೋಲನ್ನು ಗಾಳಿ ನಡುಹೊಳೆಯಲ್ಲಿ ಬುಗುರಿಯಂತೆ ತಿರುಗಿಸಿತು. ಅವನು ಎರಡು ಊರು ಕೆಳಗೆ ದಡ ಸೇರಿ, ಅಲ್ಲಿಂದ ನಡೆದು ಮನೆ ಮುಟ್ಟುವ ಹೊತ್ತಿಗೆ ಮಗು ಹಾಲು ಕುಡಿದು ಮಲಗಿತ್ತು.

ಪಂಚಾಕ್ಷರಿ ಕತೆಯನ್ನೆಲ್ಲ ಕೇಳಿ ಲೆಕ್ಕ ಹಾಕಿದ. "ಹಾಗಾದರೆ ಆ ಮೂಟೆಗಳು ಮಾಡಿದ್ದಾದರೂ ಏನು ಗುರುಗಳೇ? ಸುಮ್ಮನೆ ಕೂತಿದ್ದವು, ಅಷ್ಟೇ ತಾನೆ?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಅಷ್ಟೇ ಕಣಪ್ಪ. ಸುಮ್ಮನೆ ಕೂರುವುದೊಂದು ಆ ರೈತನಿಗೂ ಬಂದಿದ್ದರೆ, ಮಗಳ ಮೊದಲ ಅಳು ಕೇಳುತ್ತಿದ್ದ."