ಗಂಟೆ ಹೊಡೆಯದ ಹದಿನಾಲ್ಕು ದಿನ

“ಗುರುಗಳೇ, ಅಕ್ಕನ ನೆನಪು ಬಿಡುತ್ತಿಲ್ಲ. ನಾನು ಮಠಕ್ಕೆ ಬಂದ ದಿನ ಮುನಿಸಿಕೊಂಡು ಮಾತು ಬಿಟ್ಟವಳು. ಮೂರು ವರ್ಷವಾಯಿತು. ಏನಾದರೂ ಕೆಟ್ಟದ್ದಾಗಿದ್ದರೆ ಸುದ್ದಿ ಬರುತ್ತಿತ್ತು. ಬಂದಿಲ್ಲವೆಂದರೆ ಚೆನ್ನಾಗಿದ್ದಾಳೆ ಎಂದುಕೊಳ್ಳಬಹುದಲ್ಲವೇ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಕಾವಿ ಉಡುವ ಮೊದಲು ಊರೂರು ತಿರುಗಿ ವೈರಿಂಗ್ ಕೆಲಸ ಮಾಡಿದವರು. “ಅಯ್ಯೋ ಹುಚ್ಚಪ್ಪಾ, ಹೀಗೇ ಅಂದುಕೊಂಡು ಕೂತವಳೊಬ್ಬಳನ್ನು ನಾನು ಬಲ್ಲೆ. ಕೂತುಕೋ, ಹೇಳುತ್ತೇನೆ” ಎಂದರು.

ರೇಷ್ಮೆ ಸಾಕುವ ಒಬ್ಬ ಹೆಂಗಸಿದ್ದಳು. ಅವಳ ಗಂಡ ಹದಿನೆಂಟು ವರ್ಷ ಹುಳು ಆರಿಸಿ, ಗೂಡು ಆರಿಸಿ, ತನ್ನದೇ ಒಂದು ತಳಿ ಕಟ್ಟಿದ. ತಳಿ ಕೈಗೆ ಬಂತು, ಅವನು ತೀರಿಕೊಂಡ. ಉಳಿದದ್ದು ನಾಲ್ಕು ಹಾಳೆ ತುಂಬ ಮೊಟ್ಟೆ, ಅಷ್ಟೇ. ಆ ಹಾಳೆಗಳನ್ನು ಕಂಡರೆ ಅವಳಿಗೆ ಗಂಡನನ್ನೇ ಕಂಡ ಹಾಗಾಗುತ್ತಿತ್ತು.

ಮುಂದಿನ ಬೆಳೆಯವರೆಗೆ ಮೊಟ್ಟೆ ನಿದ್ದೆ ಮಾಡಬೇಕು. ಅದಕ್ಕೆ ಐದು ಡಿಗ್ರಿ ತಂಪು ಬೇಕು. ಹಿಪ್ಪುನೇರಳೆ ತೋಟದ ಆಚೆ ತುದಿಯಲ್ಲಿ ಒಂದು ತಂಪು ಕೋಣೆ ಇತ್ತು. ಕಾಲ ಬರುವವರೆಗೆ ಬಾಗಿಲು ತೆಗೆಯುವಂತಿಲ್ಲ. ಒಳಗಿನ ಶಾಖ ತೋರಿಸುವ ಉಪಕರಣ ಹೊರಗೋಡೆಯ ಮೇಲಿತ್ತು. ಅವಳು ದಿನಕ್ಕೆ ನಾಲ್ಕು ಸಲ ಹೋಗಿ, ಅಂಕಿ ನೋಡಿ, ಬಾಗಿಲಿಗೆ ಕೈಯಿಟ್ಟು, ‘ಇದ್ದೀರಾ?’ ಎಂದು ಕೇಳಿ ಬರುತ್ತಿದ್ದಳು. ನಗಬೇಡ. ಆ ಸಂಕಟ ನಿನಗೂ ಗೊತ್ತಿದೆ.

ಅವಳಿಗೆ ಮಂಡಿ ನೋವು ಹೆಚ್ಚಾಯಿತು. ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದಳು. ಅವನ ಹೆಸರು ಬೇಡ. ಬೈಯಬೇಕೆನಿಸಿದರೆ ನನ್ನನ್ನೇ ಬೈ.

‘ಅಣ್ಣಾ, ಒಳಗೆ ಹೇಗಿದೆ ಎಂದು ನನಗೆ ಮನೆಯಲ್ಲೇ ಕಾಣಬೇಕು’ ಎಂದಳು.

ಆ ಉಪಕರಣದಲ್ಲಿ ಎರಡು ದಾರಿ. ಒಂದು ಅನಲಾಗ್ ತಂತಿ. ಶಾಖ ಎಷ್ಟಿದೆಯೋ ಅಷ್ಟನ್ನು ಅದು ಸದಾ ಹೇಳುತ್ತಿರುತ್ತದೆ. ಹೇಳಲು ಏನೂ ಇಲ್ಲದಾಗಲೂ ಅದರಲ್ಲಿ ನಾಲ್ಕು ಮಿಲಿಆಂಪ್ ಕರೆಂಟು ಹರಿಯುತ್ತದೆ, ‘ನಾನಿದ್ದೇನೆ’ ಎನ್ನುವಷ್ಟು. ಇನ್ನೊಂದು ರಿಲೇ ಎಂಬ ಸ್ವಿಚ್ಚು. ಶಾಖ ಮಿತಿ ಮೀರುವವರೆಗೆ ಅದು ಬಾಯಿ ಬಿಡದು. ಮೀರಿದರೆ ಟಕ್ಕೆಂದು ಕೂಡಿಕೊಂಡು ಗಂಟೆ ಹೊಡೆಸುತ್ತದೆ.

ಮೆಕ್ಯಾನಿಕ್ ಆತುರಗಾರ. ‘ಹಗಲೆಲ್ಲ ನೋಡುತ್ತ ಕೂರಲು ಅದೇನು ತೊಟ್ಟಿಲ ಮಗುವೇನಮ್ಮ? ಗಂಟೆ ಹಾಕಿಕೊಡುತ್ತೇನೆ. ಹೊಡೆದರೆ ಓಡಿ ಹೋಗಿ. ಹೊಡೆಯದಿದ್ದರೆ ಎಲ್ಲ ಕ್ಷೇಮ’ ಎಂದ. ಅನಲಾಗ್ ತಿರುಪುಗಳನ್ನು ಖಾಲಿ ಬಿಟ್ಟು ರಿಲೇಗೆ ಮಾತ್ರ ತಂತಿ ಬಿಗಿದ. ಕೆಲಸ ಬಲ್ಲವರು ರಿಲೇಯನ್ನು ತಿರುಗಿಸಿ ಕಟ್ಟುತ್ತಾರೆ. ಆಗ ಕೋಣೆಯ ಕರೆಂಟು ಹೋದರೂ ಮನೆಯ ಕರೆಂಟಿನಿಂದ ಗಂಟೆ ಹೊಡೆಯುತ್ತದೆ. ಮಹಾರಾಯ ಅದನ್ನೂ ಮಾಡಲಿಲ್ಲ.

ಅವಳು ತೋಟದಾಚೆ ಹೋಗುವುದನ್ನು ಬಿಟ್ಟಳು. ಮನೆಯಲ್ಲಿ ಗಂಟೆಯ ಕೆಳಗೆ ಚಾಪೆ ಹಾಸಿಕೊಂಡು ಕೂತಳು. ಅದು ಹೊಡೆಯದ ಒಂದೊಂದು ದಿನವೂ, ‘ಚೆನ್ನಾಗಿದ್ದಾರೆ’ ಎಂದು ದೇವರಿಗೆ ಕೈ ಮುಗಿದಳು.

ತಂಪು ಮಾಡುವ ಯಂತ್ರಕ್ಕೂ ಉಪಕರಣಕ್ಕೂ ಒಂದೇ ಫ್ಯೂಸು. ಒಂದು ದಿನ ಅದು ಸುಟ್ಟುಹೋಯಿತು. ಯಂತ್ರ ನಿಂತಿತು. ಹೇಳಬೇಕಾದ ಉಪಕರಣವೂ ಸತ್ತಿತು. ಸತ್ತದ್ದು ಗಂಟೆ ಹೊಡೆಸೀತೇ?

ಹದಿನಾಲ್ಕು ದಿನ ಕಳೆದವು. ಕಾಲ ಬಂತೆಂದು ಅವಳು ತಲೆಗೆ ಎರೆದುಕೊಂಡು, ಎಳೆಯ ಸೊಪ್ಪು ಕೊಯ್ದು, ಬಾಗಿಲು ತೆಗೆದಳು. ಕೋಣೆಯೊಳಗೆ ಧಗೆ. ಮೊಟ್ಟೆ ಒಡೆದು ಕೂದಲೆಳೆಯಂಥ ಮರಿಗಳು ಹೊರಬಂದಿದ್ದವು. ತಿನ್ನಲು ಒಂದು ಎಲೆಯಿಲ್ಲದೆ ಹಾಳೆಯ ತುಂಬ ಒಣಗಿ ಬಿದ್ದಿದ್ದವು. ಅವಳು ಸೊಪ್ಪಿನ ಬುಟ್ಟಿ ಅಲ್ಲೇ ಇಳಿಸಿ, ಹಾಳೆಗಳನ್ನು ಮಡಿಲಿಗೆ ಹಾಕಿಕೊಂಡಳು.

ಸುದ್ದಿ ಕೇಳಿ ಮೆಕ್ಯಾನಿಕ್ ಓಡಿ ಬಂದಾಗ ಅವಳು ಅವನನ್ನು ಬೈಯಲಿಲ್ಲ. ‘ಇವರು ಇಲ್ಲಿ ಸಾಯುತ್ತಿದ್ದಾಗ ನಾನು ಅಲ್ಲಿ ನೆಮ್ಮದಿಯಾಗಿದ್ದೆನಲ್ಲ ಅಣ್ಣಾ’ ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಹತ್ತಿರ ಸರಿದು ಕೇಳಿದ:

“ಹಾಗಾದರೆ ನನ್ನ ಅಕ್ಕನಿಗೆ ಏನಾದರೂ ಆಗಿರಬಹುದೇ, ಗುರುಗಳೇ?”

“ಅದು ನನಗೇನು ಗೊತ್ತಪ್ಪ? ಆದರೆ ಈ ಮೂರು ವರ್ಷ ನೀನು ಬದುಕಿದ್ದೀಯೆಂದು ಅವಳಿಗೆ ಹೇಳಿದವರು ಯಾರು?”