ಫ್ಲಾಪಿಯಿಂದ ಕಿತ್ತುಹಾಕಿದ ಆಜ್ಞೆ

"ನಂಬದಿದ್ದರೆ ನೀವೇ ನೋಡಿ, ಗುರುಗಳೇ. ಕಂಪ್ಯೂಟರನ್ನು ಎಬ್ಬಿಸಿ ನಡೆಸುವ ಇಡೀ ಲಿನಕ್ಸನ್ನು ಒಂದೇ ಫ್ಲಾಪಿಯೊಳಗೆ ಕೂರಿಸಿದ್ದೇನೆ. ನಮ್ಮೂರಿನ ಮಾತು ಬಿಡಿ, ಜಿಲ್ಲೆಯಲ್ಲೇ ಇಂಥ ಇನ್ನೊಬ್ಬನನ್ನು ತೋರಿಸಿ ನೋಡೋಣ. ಇನ್ನು ನಾನು ನನ್ನದೇ ರಿಪೇರಿ ಅಂಗಡಿ ತೆರೆಯಬಹುದಲ್ಲವೇ?"

ಹೀಗೆ ಕೇಳಿದವನು ಕಂಪ್ಯೂಟರ್ ರಿಪೇರಿ ಕಲಿಯುತ್ತಿದ್ದ ಶಿಷ್ಯ ಹುಲುಗಪ್ಪ. ಗುರುಗಳ ಅಪ್ಪಣೆಯಿಲ್ಲದೆ ಅಂಗಡಿ ತೆರೆಯುವಂತಿರಲಿಲ್ಲ. ಅವನು ಮೂಲೆಯ ಹಳೆಯ ಕಂಪ್ಯೂಟರಿಗೆ ಫ್ಲಾಪಿ ತುರುಕಿದ. ಯಂತ್ರ ಎದ್ದು ಕೂತಿತು. ಎದೆಯುಬ್ಬಿಸಿ ಗುರುಗಳತ್ತ ಒಮ್ಮೆ ನೋಡಿ, ಗೋಡೆಯ ಸ್ವಿಚ್ಚನ್ನು ಟಪ್ಪನೆ ಆರಿಸಿದ.

"ಕೂತುಕೋ, ಪೈಲ್ವಾನ" ಎಂದ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರಿಪೇರಿಯವನಿದ್ದ. ಅವನ ಬಳಿಗೆ ಒಬ್ಬ ನೇಕಾರ ಬಂದ. ನೇಕಾರನ ಅಕ್ಕ ತೀರಿಕೊಂಡು ವರ್ಷವಾಗಿತ್ತು. ಅವಳು ಬರೆದ ಸೀರೆಯಂಚಿನ ನಮೂನೆಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಆ ಯಂತ್ರ ಈಗ ಏಳುತ್ತಿರಲಿಲ್ಲ. ಒಳಗಿನ ಡಿಸ್ಕ್ ಸವೆದಿತ್ತು. ಇನ್ನೊಂದು ಸಲ ತಿರುಗಿದರೆ ಅದೇ ಹೆಚ್ಚು.

ಫ್ಲಾಪಿಯಿಂದಲೇ ಯಂತ್ರವನ್ನು ಎಬ್ಬಿಸಬೇಕೆಂದು ರಿಪೇರಿಯವನು ಲಿನಕ್ಸನ್ನು ಕತ್ತರಿಸತೊಡಗಿದ. ಆಟಗಳನ್ನು ತೆಗೆದ. ಸಹಾಯದ ಪುಟಗಳನ್ನು ತೆಗೆದ. ಓದುವ, ನಕಲು ಮಾಡುವ ಆಜ್ಞೆಗಳನ್ನು ಉಳಿಸಿಕೊಂಡ. ಆದರೂ ಕೂದಲೆಳೆಯಷ್ಟು ಹೆಚ್ಚಾಯಿತು. ಆಗ ಯಂತ್ರವನ್ನು ನಿಲ್ಲಿಸುವ ಆಜ್ಞೆ ಕಣ್ಣಿಗೆ ಬಿತ್ತು. 'ನಿಲ್ಲಿಸುವುದಕ್ಕೂ ಒಂದು ಆಜ್ಞೆ ಬೇಕೇ? ಸ್ವಿಚ್ ಇದೆಯಲ್ಲ' ಎಂದುಕೊಂಡು ಅದನ್ನೂ ಕಿತ್ತುಹಾಕಿದ. ಲಿನಕ್ಸ್ ಫ್ಲಾಪಿಯೊಳಗೆ ಹಿಡಿಯಿತು.

ನೇಕಾರನ ಮನೆಯಲ್ಲಿ ಯಂತ್ರ ಎದ್ದಿತು. ಲಿನಕ್ಸ್ ಒಳಗೇರಿದ ಮೇಲೆ ರಿಪೇರಿಯವನು ಆ ಫ್ಲಾಪಿ ತೆಗೆದು, ಖಾಲಿ ಫ್ಲಾಪಿ ಹಾಕಿ, ನಮೂನೆಗಳನ್ನು ನಕಲು ಮಾಡಿದ. ಪರದೆಯ ಮೇಲೆ ಎಲ್ಲ ನಮೂನೆಗಳ ಹೆಸರುಗಳೂ ಕಂಡವು. "ಇನ್ನು ನಿಮ್ಮಕ್ಕನನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿ" ಎಂದು ನಕ್ಕು ಸ್ವಿಚ್ ಆರಿಸಿದ.

ನಕಲು ಇನ್ನೂ ಫ್ಲಾಪಿಗೆ ಇಳಿಯದೆ, ಸ್ವಿಚ್ ಆರಿಸಿದರೆ ಅಳಿಸಿಹೋಗುವ ಯಂತ್ರದ ನೆನಪಿನಲ್ಲೇ ಇತ್ತು. ನಿಲ್ಲು ಎಂದು ಹೇಳಿದ್ದರೆ ಅದು ಬಾಕಿಯದನ್ನೆಲ್ಲ ಫ್ಲಾಪಿಗೆ ಬರೆದು ಮುಗಿಸಿಯೇ ನಿಲ್ಲುತ್ತಿತ್ತು. ಹಾಗೆ ಹೇಳುವ ಆಜ್ಞೆಯನ್ನೇ ಅವನು ಕಿತ್ತುಹಾಕಿದ್ದ. ಫ್ಲಾಪಿಯಲ್ಲಿ ಏನೂ ಇರಲಿಲ್ಲ. ಹಳೆಯ ಡಿಸ್ಕ್ ಮತ್ತೆ ತಿರುಗಲಿಲ್ಲ.

ನೇಕಾರ ಆ ಖಾಲಿ ಫ್ಲಾಪಿಯನ್ನು ಮಗ್ಗದ ಮೇಲಿಟ್ಟ. ಆಮೇಲೆ, "ನೀನೇನು ಬೇಕಂತ ಮಾಡಿದೆಯಾ, ತಮ್ಮಾ? ಚಹಾ ಕುಡಿದು ಹೋಗು" ಎಂದ. ರಿಪೇರಿಯವನು ಚಹಾದ ಲೋಟವನ್ನು ಹಾಗೇ ಬಿಟ್ಟು ಎದ್ದ.

ಹುಲುಗಪ್ಪ ತಡೆಯಲಾರದೆ, "ಅವನೊಬ್ಬ ದಡ್ಡ, ಗುರುಗಳೇ" ಎಂದ.

ಗುರುಗಳು ಗೋಡೆಯ ಸ್ವಿಚ್ಚಿನತ್ತ ನೋಡಿ ಕೇಳಿದರು: "ನೀನು ಆಗಲೇ ಅದನ್ನು ಹೇಗೆ ನಿಲ್ಲಿಸಿದೆ?"

ಆಮೇಲೆ ಫ್ಲಾಪಿಯನ್ನು ಯಂತ್ರದಿಂದ ತೆಗೆದು ಹುಲುಗಪ್ಪನ ಕೈಗಿಟ್ಟರು. ಅಂಗಡಿಗೆ ಅಪ್ಪಣೆ ಕೇಳಿ ಬಂದವನಿಗೆ ಕೊನೆಗೆ ಸಿಕ್ಕಿದ್ದು ಅವನದೇ ಫ್ಲಾಪಿ.