ಕಬ್ಬಿಣದ ಕಾವಲುಗಾರನ ಬಾಗಿಲು

ಬಿಲ್ಲರಾಯನ ಕೋಟೆಯಿಂದ ಡಂಗುರ ಹೊರಟಿತು: "ಕೇಳಿರಪ್ಪೋ ಕೇಳಿ! ಹೆಬ್ಬಾಗಿಲಿನ ಕಬ್ಬಿಣದ ಕಾವಲುಗಾರನಿಗೆ ಯಂತ್ರಗಳ ಸಿ ಭಾಷೆಯೊಂದೇ ತಿಳಿಯುತ್ತದೆ. ಅವನಿಗೆ ಆಜ್ಞೆ ಬರೆಯುವವರು ಬೇಕು. ಮೂರು ಒಗಟು ಬಿಡಿಸಿದವರಿಗೆ ಆ ಅಧಿಕಾರ, ಜೊತೆಗೊಂದು ಕಲ್ಲುಮನೆ. ತಪ್ಪಿದರೆ ಹೊರನಾಡಿನವರಿಗೆ ತಲೆದಂಡ, ಈ ನಾಡಿನವರಿಗೆ ಸಾಯುವ ತನಕ ಸೆರೆ!"

ಬುಟ್ಟಿ ಹೆಣೆಯುವ ಹಾಲವ್ವ ತಾನೂ ಹೋಗುತ್ತೇನೆಂದಾಗ ಸೋದರಮಾವ ಕೊಟ್ರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಮಠದಲ್ಲಿ ಹುಡುಗರಿಗೆ ಆ ಭಾಷೆಯ ಪಾಠ ಹೇಳುವವನು ಅವನು.

"ನೀನಾ? ಅಕ್ಷರದ ಮೇಲೆ ಬೆರಳಿಟ್ಟು ಓದೋಳಿಗೆ 'ಆದರೆ' ಅನ್ನೋ ಇಫ್ ಯಾವುದು, 'ಇಲ್ಲದಿದ್ದರೆ' ಅನ್ನೋ ಎಲ್ಸ್ ಯಾವುದು? ಈ ಜನ್ಮದಲ್ಲಿ ಆಗೋ ಮಾತಲ್ಲ ಬಿಡು."

ಅವನು ಒಲೆಗೆ ಹಾಕಲು ಕೊಟ್ಟಿದ್ದ ಹಳೆಯ ಓಲೆಗಳನ್ನು ಓದಿಯೇ ಅವಳು ಕಲಿತಿದ್ದಳು. ಹಾಗೆಂದು ಹೇಳಲು ನಾಚಿಕೆಯಾಗಿ, ಕೋಟೆಗೆ ಹೊರಟ ಅವನ ಹಿಂದೆಯೇ ನಡೆದಳು.

ಸಭೆಯಲ್ಲಿ ದೊರೆ ಬಿಲ್ಲರಾಯ ಮೊದಲನೆಯ ಒಗಟನ್ನು ಕೇಳಿದ: "ಕೈಯಲ್ಲಿ ಏನಿದ್ದರೂ, ಕೊನೆಗೆ ಬರೀ ಕೊರತೆಯನ್ನೇ ಹೊತ್ತು ಬಂದರೂ ಒಳಗೆ ಬಿಡುತ್ತಾನೆ. ಏನೂ ಇಲ್ಲದವನನ್ನು ಮಾತ್ರ ತಿರುಗಿಸುತ್ತಾನೆ. ಯಾರವನು?"

ಹೊರನಾಡಿನ ರಾಜಕುಮಾರನೊಬ್ಬ, "ಸುಂಕದವನು!" ಎಂದ. ಅವನ ತಲೆ ಉರುಳಿತು. ಕೊಟ್ರಪ್ಪ ಗಂಟಲು ಸರಿಮಾಡಿಕೊಂಡು, "ಇಫ್, ಮಹಾಪ್ರಭು. ಅವನಿಗೆ ಸೊನ್ನೆಯೊಂದೇ ಸುಳ್ಳು, ಸೊನ್ನೆಗಿಂತ ಕಡಿಮೆಯ ಸಂಖ್ಯೆಯೂ ಸೇರಿ ಮಿಕ್ಕಿದ್ದೆಲ್ಲ ನಿಜ" ಎಂದ. ಸಭೆ ತಲೆದೂಗಿತು.

ದೊರೆ ಎರಡನೆಯದನ್ನು ಕೇಳಿದ: "ಅತಿಥಿಗೆ ಒಂದೇ ಮನೆಯಿಂದ ಕರೆ. ಅಲ್ಲಿ ಉಂಡವನು ಅದರಾಚೆಯ ಮನೆಗಳಲ್ಲೆಲ್ಲ ಕರೆಯದೆಯೇ ಉಂಡ. ಆ ಬೀದಿಯಲ್ಲಿ ಯಾವುದು ಇರಲಿಲ್ಲ?"

ಕೊಟ್ರಪ್ಪನಿಗೆ ಹೊಳೆಯಲಿಲ್ಲ. ತಿರುಗಿ ಹಾಲವ್ವನ ಮುಖ ನೋಡಿದ. ಅವಳಿಗೆ ಗೊತ್ತಿತ್ತು. ತುಟಿ ಅಲ್ಲಾಡಿಸಿದ್ದರೆ ಸಾಕಿತ್ತು. ಅವಳು ನೆಲ ನೋಡಿದಳು.

"ನಾ... ನಾಚಿಕೆ, ಪ್ರಭು" ಎಂದ ಅವನು. ಭಟರು ಬೇಡಿ ಹಾಕಿ, ಪರೀಕ್ಷೆ ಮುಗಿಯುವ ತನಕ ಮೂಲೆಯಲ್ಲಿ ಕೂರಿಸಿದರು. ಆ ಮಾತು ತನ್ನ ಕೆನ್ನೆಗೇ ಬಡಿದಂತಾಯಿತು ಹಾಲವ್ವನಿಗೆ.

ಅವಳ ಸರದಿ ಬಂತು. ಮೊದಲನೆಯದಕ್ಕೆ ಮಾವನ ಉತ್ತರವನ್ನೇ ಹೇಳಿ, ಎರಡನೆಯದಕ್ಕೆ, "ಬ್ರೇಕ್, ಬುದ್ಧಿ. ಸ್ವಿಚ್ ಎಂಬ ಬೀದಿಯಲ್ಲಿ ಕೇಸ್‌ಗಳೇ ಮನೆಗಳು. ತಡೆಯಲು ಬ್ರೇಕ್ ಇಲ್ಲದಿದ್ದರೆ ಒಂದು ಮನೆ ಹೊಕ್ಕವನು ಮುಂದಿನದನ್ನೂ ಹೊಗುತ್ತಾನೆ" ಎಂದಳು.

ದೊರೆ ಕಾವಲುಗಾರನ ಎದೆಯತ್ತ ಕೈ ತೋರಿಸಿದ. "ಅಲ್ಲಿ ಕೆತ್ತಿದ್ದು ಅಳಿಸುವಂಥದ್ದಲ್ಲ. ಓದು. ಈ ಕೊನೆಯ ಉತ್ತರ ನೀನು ಸರಿಯಾಗಿ ಹೇಳಿದರೆ, ಇವತ್ತು ಈ ಬಾಗಿಲು ಯಾರನ್ನು ಹೊರಗೆ ಬಿಡುತ್ತದೆ?"

ಅವಳು ಎಲ್ಲರೆದುರು ಬೆರಳಿಟ್ಟು ಓದಿದಳು. ಯಾರೋ ಕಿಸಕ್ಕನೆ ನಕ್ಕರು. ಮೊದಲ ಸಾಲು, ಇಫ್ ಉತ್ತರ ತಪ್ಪು. ಅದರ ಒಳಗೆ, ಇಫ್ ಹೊರನಾಡಿನವರು, ತಲೆ ತೆಗೆ. ಕೆಳಗೆ, ಮೊದಲ ಇಫ್‌ನ ನೇರಕ್ಕೆ, ಎಲ್ಸ್ ಬಾಗಿಲು ತೆರೆ.

"ಗೆದ್ದವರನ್ನು ಬಿಡುತ್ತದೆ, ಅಷ್ಟೂ ತಿಳಿಯಲ್ವಾ?" ಎಂದಿತು ಸಭೆ.

"ನನ್ನನ್ನು" ಎಂದುಬಿಟ್ಟರೆ ಉತ್ತರ ತಪ್ಪು. ಆದರೆ ಬಾಗಿಲು ತೆರೆಯುತ್ತದೆ. ಮನೆಯಲ್ಲಿ ತಂಗಿ ಸಂಕವ್ವ ತುಂಬು ಬಸುರಿ. ಹೆರಿಗೆಗೆ ಪಕ್ಕದಲ್ಲಿರುತ್ತೇನೆಂದು ಮಾತು ಕೊಟ್ಟಿದ್ದಳು. ಆದರೆ ಮೂಲೆಯಲ್ಲಿ ಮಾವ ಇದ್ದ. ತನಗೆ ಗೊತ್ತೆಂಬುದು ಅವನ ಕಿವಿಗೆ ಬೀಳಲೇಬೇಕಿತ್ತು.

"ನಮ್ಮ ಮಾವನನ್ನು ಬಿಡುತ್ತದೆ ದೊರೆ, ನನ್ನನ್ನಲ್ಲ. ಎಲ್ಸ್ ಎಲ್ಲಿ ನಿಂತಿದೆ ಅಂತ ಕಾವಲುಗಾರ ನೋಡೋದಿಲ್ಲ. ಒಳಗಿನ ಇಫ್‌ಗೆ ಬೇಲಿಯಂತೆ ಬ್ರಾಕೆಟ್ ಇಲ್ಲ, ಅದಕ್ಕೇ ಅದು ಹತ್ತಿರದ ಇಫ್‌ಗೇ ಸೇರಿದ್ದು. ತಪ್ಪು ಹೇಳಿದವರು ಈ ನಾಡಿನವರಾದರೆ ಬಾಗಿಲು ತೆರೀತಾನೆ. ಸರಿ ಹೇಳಿದವರಿಗೆ ಅವನು ಏನೂ ಮಾಡೋದಿಲ್ಲ, ಬಾಗಿಲು ಮುಚ್ಚಿಯೇ ಇರುತ್ತೆ."

ದೊರೆ ನಕ್ಕ. "ಸರಿ! ಡಂಗುರದ ಸೆರೆ ಬರೀ ಬೆದರಿಕೆ; ಜಾಣರು ಹೊರಗೆ ಹೋದರೆ ನನಗೇನು ಲಾಭ?"

ಕಬ್ಬಿಣದ ಕೈ ಎದ್ದು ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಕೊಟ್ರಪ್ಪ ನಿಂತ. "ಹಾಲವ್ವ, ಆ ಬ್ರೇಕ್ ನಿನಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು, ಮಾವ."

ಅವನು ಬೆನ್ನು ತಿರುಗಿಸಿ ಹೊರಟುಹೋದ. ಒಂದು ಬೈಗುಳವನ್ನಾದರೂ ಬೈದಿದ್ದರೆ ಎಂದುಕೊಂಡಳು ಅವಳು.

ಈಗ ಹಾಲವ್ವನಿಗೆ ಕೋಟೆಯೊಳಗೆ ಕಲ್ಲುಮನೆಯಿದೆ, ರಾಜಮುದ್ರೆಯಿದೆ, ಓಲೆ ತುಂಬಿದ ಪೆಟ್ಟಿಗೆಗಳಿವೆ. ಬೆರಳಿಟ್ಟು ಓದಿದರೂ ನಗುವವರಿಲ್ಲ. ಇಷ್ಟಕ್ಕೆ ಅವಳು ತೆತ್ತದ್ದು ಬಾಗಿಲಾಚೆಯ ಊರನ್ನು, ಸಂಕವ್ವನಿಗೆ ಕೊಟ್ಟ ಮಾತನ್ನು, ಮತ್ತು ಮಾವನ ಮುಂದೆ ತಲೆ ಎತ್ತಿ ನಿಲ್ಲುವ ಮುಖವನ್ನು.